ಇಪ್ಪತ್ತಮೂರನೇ ಹಾಳೆ

2006ರ ಫೆಬ್ರವರಿ 15, ಬುಧವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಅಟ್ಲಾಂಟಾ ಬಳಿಯ ಬೆಥೆಲ್ ಫೋರ್ಡ್ ಪೊಲೀಸ್ ಠಾಣೆಯ ಕಿಟಕಿಯ ಮುಂದೆ ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ಬಂದು ನಿಂತರು. ಮೈಮೇಲೆ ಎರಡು ಸ್ವೆಟರ್, ತಲೆಗೆ ಕಿವಿ ಮುಚ್ಚುವ ಉಣ್ಣೆ ಟೋಪಿ, ಕಂಕುಳಲ್ಲಿ ಬಿಳಿ ಪಂಚೆಯಲ್ಲಿ ಸುತ್ತಿದ ಕಾಗದದ ಕಟ್ಟು. ಮನೆಯಲ್ಲಿ ಕಳ್ಳತನವಾಗಿದೆ, ದೂರು ಕೊಡಬೇಕು ಎಂದರು. ಏನು ಹೋಗಿದೆ ಎಂದು ಕಿಟಕಿಯ ಆಫೀಸರ್ ಕೇಳಿದ. ಒಂದು ಹಾಳೆ ಕಾಗದ ಎಂದರು. ಆಫೀಸರ್ ಪೆನ್ನು ಕೆಳಗಿಟ್ಟ.

ಐದು ನಿಮಿಷದ ನಂತರ ಅವರು ಡಿಟೆಕ್ಟಿವ್ ಗುಲಾಬಿ ದೂಮಪ್ಪಳ ಮೇಜಿನ ಎದುರು ಕೂತಿದ್ದರು. ಆ ಠಾಣೆಯಲ್ಲಿ ಕನ್ನಡ ಬರುತ್ತಿದ್ದುದು ಅವಳೊಬ್ಬಳಿಗೆ. ಬಂಟ್ವಾಳದ ಕಡೆಯವಳು. ಅಪ್ಪ ದೂಮಪ್ಪನಿಗೆ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಅಟ್ಲಾಂಟಾಕ್ಕೆ ಬಂದಾಗ ಅವಳಿಗೆ ಹನ್ನೊಂದು ವರ್ಷ. ಆರನೇ ಕ್ಲಾಸಿನವರೆಗೆ ಕಲಿತದ್ದನ್ನು ಅಪ್ಪ ಮರೆಯಲು ಬಿಟ್ಟಿರಲಿಲ್ಲ. ಹದಿನೈದು ವರ್ಷದ ಸರ್ವೀಸಿನಲ್ಲಿ ಆ ಕನ್ನಡ ಉಪಯೋಗಕ್ಕೆ ಬಂದದ್ದು ಬೆರಳೆಣಿಕೆಯಷ್ಟು ಸಲ. ಕನ್ನಡ ಮಾತಾಡುವವರು ಠಾಣೆಯ ಮೆಟ್ಟಿಲು ಹತ್ತಿದ್ದಾರೆಂದರೆ ಯಾರದೋ ವೀಸಾ, ಯಾರದೋ ಸಂಸಾರ ಅಲ್ಲಾಡುವ ಹೊತ್ತು ಬಂದಿದೆ ಎಂದೇ ಅರ್ಥ.

“ಹೆಸರು ಹೇಳಿ ಸರ್.”

“ಸೂರ್ಯನಾರಾಯಣ. ಮೈಸೂರಲ್ಲಿ ಹಿಸ್ಟರಿ ಪ್ರೊಫೆಸರ್ ಆಗಿದ್ದೆ. ಈಗ ಮಗನ ಮನೇಲಿ, ಮಿಲ್‌ಸ್ಟೋನ್ ರಸ್ತೆ ಪಕ್ಕದ ಬಡಾವಣೆ, ಇಲ್ಲಿಯವರ ಸಬ್‌ಡಿವಿಷನ್. ಗ್ರೀನ್ ಕಾರ್ಡ್ ಇದೆ.”

ಗ್ರೀನ್ ಕಾರ್ಡಿನ ವಿಷಯ ಅವಳು ಕೇಳಿರಲಿಲ್ಲ. ಕೇಳದಿದ್ದರೂ ಎಲ್ಲರೂ ಹೇಳುತ್ತಿದ್ದರು.

“ಹೋದದ್ದು ಎಂತ ಕಾಗದ?”

ಅವರು ಕಟ್ಟು ಬಿಚ್ಚಿದರು. ಮಿಲ್‌ಸ್ಟೋನ್ ರಸ್ತೆಗೆ ಸೈಡ್‌ವಾಕ್ ಮತ್ತು ಬೀದಿದೀಪ ಬೇಕೆಂದು ಸಿಟಿ ಕೌನ್ಸಿಲ್‌ಗೆ ಸಲ್ಲಿಸಲಿದ್ದ ಅಹವಾಲು ಅದು. ನವೆಂಬರ್ 8ರ ಸಂಜೆ ಆ ರಸ್ತೆಯಲ್ಲಿ ಶಿವಬಸಪ್ಪ ಎಂಬ ದಾವಣಗೆರೆಯ ಹಿರಿಯರಿಗೆ ಯಾವುದೋ ಕಾರು ಗುದ್ದಿ ನಿಲ್ಲಿಸದೆ ಹೋಗಿತ್ತು. ಮಗಳ ಮನೆಗೆ ಆರು ತಿಂಗಳಿಗೆಂದು ಬಂದಿದ್ದ ಮನುಷ್ಯ. ದಿನಾ ಸಂಜೆ ಸೂರ್ಯನಾರಾಯಣರ ಜೊತೆ ವಾಕಿಂಗ್ ಹೋಗುತ್ತಿದ್ದವರು, ಅವತ್ತು ಇವರಿಗೆ ಮಂಡಿನೋವು ಎಂದು ಒಬ್ಬರೇ ಹೋಗಿದ್ದರು. ಬರಲಿಲ್ಲವೆಂದು ಟಾರ್ಚ್ ಹಿಡಿದು ಹುಡುಕಿಕೊಂಡು ಹೋಗಿ ಚರಂಡಿಯ ಪಕ್ಕ ಅವರನ್ನು ಕಂಡವರೂ ಇವರೇ. ಗುದ್ದಿದವರು ಮೂರು ತಿಂಗಳಾದರೂ ಸಿಕ್ಕಿರಲಿಲ್ಲ.

“ಬರೀ ಸಹಿ ಅಲ್ಲಮ್ಮ. ಹೆಸರು, ಮನೆ, ಆ ರಸ್ತೇಲಿ ತಮಗೇನಾಗಿದೆ ಅಂತ ಒಂದೆರಡು ಸಾಲು. ಕನ್ನಡ, ತೆಲುಗು, ಸ್ಪ್ಯಾನಿಷ್, ಯಾವ ಭಾಷೇಲಾದ್ರೂ ಸರಿ. ನಾನೂರ ಮೂವತ್ತೊಂದು ಜನ ಬರ್ದಿದಾರೆ. ಎಲ್ಲಾನೂ ಇಂಗ್ಲಿಷ್ ಮಾಡಿ ಪ್ರಿಂಟ್ ಹಾಕ್ಸಿ, ಮಾರ್ಚ್ ಆರರ ಹಿಯರಿಂಗ್‌ಗೆ ಮುಂಚೆ ಕೌನ್ಸಿಲ್‌ನೋರಿಗೂ ಕೊಟ್ಟು ಮನೆಮನೆ ಬಾಗಿಲಿಗೂ ಹಾಕೋದು ಅಂತ ಇತ್ತು.”

“ಒಂದು ಹಾಳೆ ಎಲ್ಲೋ ತಪ್ಪಿರಬಹುದಲ್ಲ ಸರ್?”

“ನಾನೂ ಹಾಗೇ ಅಂದ್ಕೊಂಡೆ. ನಲವತ್ತೆಂಟು ಇತ್ತು, ನಲವತ್ತೇಳಾಗಿದೆ. ವಯಸ್ಸಾಯ್ತು, ಎಣಿಸೋದು ತಪ್ಪಿರಬಹುದು ಅಂತ. ಆದ್ರೆ ಇಲ್ಲಿ ನೋಡಿ.”

ಇಪ್ಪತ್ತೆರಡನೇ ಹಾಳೆಯ ಕೆಳಗೆ, ಬಲಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ‘ಉಷಾ’ ಎಂದಿತ್ತು. ಮುಂದಿನ ಹಾಳೆಯ ಮೊದಲ ಪದ ‘ತ್ಯಾಗರಾಜ’.

“ಇದು ಹಳೇ ಇಂಗ್ಲಿಷ್ ಪ್ರಿಂಟರ್‌ಗಳ ಪದ್ಧತಿ. ಮುಂದಿನ ಪುಟದ ಮೊದಲನೇ ಪದಾನ ಈ ಪುಟದ ಬುಡದಲ್ಲಿ ಹಾಕ್ತಿದ್ರು. ಕ್ಯಾಚ್‌ವರ್ಡ್ ಅಂತಾರೆ. ಹೊಲಿಯೋವಾಗ ಹಾಳೆ ಹಿಂದುಮುಂದಾಗಬಾರ್ದು ಅಂತ. ನಾನು ಜೀವಮಾನವೆಲ್ಲ ಓದಿದ್ದು ಹದಿನೇಳನೇ ಶತಮಾನದ ಲಂಡನ್ನಿನ ಅಹವಾಲುಗಳನ್ನ. ಕೈ ಸುಮ್ನಿರಲ್ಲ, ಇದಕ್ಕೂ ಹಾಕಿದ್ದೆ.”

“ಆದ್ರೆ ಈ ಹಾಳೆಗೆ ನಂಬರ್ ಇಪ್ಪತ್ಮೂರು ಅಂತ ಉಂಟಲ್ಲ?”

“ಅದೇ ನನ್ನ ಕಂಪ್ಲೇಂಟು. ಅದು ನನ್ನ ಕೈಬರಹ ಅಲ್ಲ.”

ಗುಲಾಬಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಪೆನ್ಸಿಲಿನಲ್ಲಿ ಬರೆದಿದ್ದ 24ನ್ನು ರಬ್ಬರಿನಿಂದ ಉಜ್ಜಿ 23 ಮಾಡಿದ್ದರು. ಮುಂದಿನದನ್ನು ನೋಡಿದಳು, ಅದರ ಮುಂದಿನದನ್ನೂ. ಕೊನೆಯ ಹಾಳೆಯ ತನಕ ಇಪ್ಪತ್ತೈದು ಅಂಕಿಗಳನ್ನು ಒಂದೊಂದಾಗಿ ತಿದ್ದಲಾಗಿತ್ತು. ಬುಡದ ಪದಗಳನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಅವು ಯಾತಕ್ಕೆಂದು ಆ ಕೈಗೆ ಗೊತ್ತಿರಲಿಲ್ಲ.

ಅವಳು ಕಂಪ್ಯೂಟರಿನಲ್ಲಿ ಹೊಸ ಫಾರಂ ತೆರೆದಳು. ಅವಳ ಚಿಕ್ಕಪ್ಪ ವಿಟ್ಲದ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಫೋನಿನಲ್ಲಿ ಮಾತಾಡಿದಾಗಲೆಲ್ಲ “ಎಫ್‌ಐಆರ್ ಆಯ್ತಾ, ಪಂಚನಾಮೆ ಆಯ್ತಾ” ಎಂದು ವಿಚಾರಿಸುತ್ತಿದ್ದ. ಇಲ್ಲಿ ಅದಕ್ಕೆಲ್ಲ ಬೇರೆ ಹೆಸರು, ಕೆಲಸ ಒಂದೇ. 10:58ಕ್ಕೆ ದೂರು ದಾಖಲಾಯಿತು.

ಮಧ್ಯಾಹ್ನ ಒಂದೂಕಾಲಿಗೆ ಗುಲಾಬಿ ಆಫೀಸರ್ ಪ್ರೂಯಿಟ್‌ನನ್ನು ಕರೆದುಕೊಂಡು ಸೂರ್ಯನಾರಾಯಣರ ಮನೆಗೆ ಹೋದಳು. ಪ್ರೂಯಿಟ್ ಇಪ್ಪತ್ತೇಳರ ಮಿತಭಾಷಿ. ಅವನು ಬಾಗಿಲು, ಕಿಟಕಿ, ಗ್ಯಾರೇಜು ಎಲ್ಲದರ ಫೋಟೋ ತೆಗೆದ. ಎಲ್ಲೂ ಒಡೆದ, ಮೀಟಿದ ಗುರುತಿರಲಿಲ್ಲ. ಕಾಗದದ ಕಟ್ಟು ಇರುತ್ತಿದ್ದುದು ಕೆಳಗಿನ ಕೋಣೆಯ ಬೀರುವಿನಲ್ಲಿ. ಪಕ್ಕದ ಖಾನೆಯಲ್ಲೇ ಸೊಸೆಯ ಬಳೆಗಳಿದ್ದವು, ಅವು ಹಾಗೇ ಇದ್ದವು. ಮೇಜಿನ ಕಾಲಿನ ಬಳಿ ರಬ್ಬರಿನ ಪುಡಿ ಸಿಕ್ಕಿತು. ಅದನ್ನು ಕವರಿಗೆ ಹಾಕಿ ಮಹಜರಿನಲ್ಲಿ ನಮೂದಿಸಿದರು.

ಬಾಗಿಲ ಪಕ್ಕದ ಗೋಡೆಯಲ್ಲಿ ಅಲಾರಂ ಪೆಟ್ಟಿಗೆ ಇತ್ತು. ಮಗನಿಂದ ಫೋನಿನಲ್ಲಿ ಒಪ್ಪಿಗೆ ಪಡೆದು ಗುಲಾಬಿ ಅಲಾರಂ ಕಂಪನಿಯಿಂದ ಹಿಂದಿನ ಹದಿನೈದು ದಿನದ ದಾಖಲೆ ತರಿಸಿದಳು. ಫ್ಯಾಕ್ಸ್ ಬಂದದ್ದು 3:40ಕ್ಕೆ. ಫೆಬ್ರವರಿ 12, ಭಾನುವಾರ, ಮನೆಯವರೆಲ್ಲ ದೇವಸ್ಥಾನಕ್ಕೆ ಹೋಗಿದ್ದ ಹೊತ್ತು: 10:52ಕ್ಕೆ ಅಲಾರಂ ಆಫ್, 11:27ಕ್ಕೆ ಮತ್ತೆ ಆನ್. ಬಳಸಿದ್ದು ಅತಿಥಿ ಕೋಡ್.

“ಈ ಕೋಡ್ ಯಾರಿಗೆಲ್ಲ ಗೊತ್ತುಂಟು ಸರ್?”

ಸೂರ್ಯನಾರಾಯಣ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. “ಹೋದ ಬೇಸಿಗೇಲಿ ಇಂಡಿಯಾಕ್ಕೆ ಹೋದಾಗ ಎರಡು ಮನೆಯವರಿಗೆ ಬೀಗದಕೈ ಜೊತೆ ಕೊಟ್ಟಿದ್ವಿ. ಉಷಾ ಅವರ ಮನೆಗೆ. ಇನ್ನೊಂದು, ಶಶಾಂಕ್-ಶ್ರಾವಣಿ ಮನೆಗೆ. ಗಿಡಕ್ಕೆ ನೀರು ಹಾಕ್ತಿದ್ರು, ಪಾಪ.”

“ಈ ಕಾಗದದಿಂದ ಹೆದರುವವರು ಯಾರು ಸರ್?”

“ಬರ್ದೋರೆಲ್ಲ ಹೆದರ್ತಾರಮ್ಮ. ಬಾಯಲ್ಲಿ ಬೈಕೊಂಡ್ರೆ ಏನೂ ಆಗಲ್ಲ. ಹೆಸರು ಹಾಕಿ ಬರ್ದು, ಅದು ಪ್ರಿಂಟಾಗಿ ಊರವರ ಕೈಗೆ ಹೋಯ್ತು ಅಂದ್ರೆ ಅದು ಸಾಕ್ಷಿ ಆಗ್ಬಿಡತ್ತೆ. ಲಂಡನ್ನಲ್ಲೂ ಅಷ್ಟೇ. ಸಾವಿರಾರು ಜನ ಪಾರ್ಲಿಮೆಂಟಿನ ಬಾಗಿಲಿಗೆ ಅಹವಾಲು ಹೊತ್ಕೊಂಡು ಹೋಗೋರು. ಒಂದ್ಸಲ ಹೆಂಗಸರು ಹೋದ್ರೆ, ಮನೆಗೋಗಿ ಪಾತ್ರೆ ತೊಳೀರಿ ಅಂತ ಹೇಳಿ ಕಳ್ಸಿದ್ರಂತೆ. ಅವರು ಹೋಗಿ ಇನ್ನೊಂದು ಪ್ರಿಂಟ್ ಹಾಕ್ಸಿದ್ರು. ಆಮೇಲೆ ಕಾನೂನೇ ಬಂತು, ಇಪ್ಪತ್ತು ಜನಕ್ಕಿಂತ ಹೆಚ್ಚು ಸಹಿ ಹಾಕಿಸ್ಬೇಕಾದ್ರೆ ಮೂರು ಜನ ಮ್ಯಾಜಿಸ್ಟ್ರೇಟರ ಒಪ್ಪಿಗೆ ಬೇಕು ಅಂತ. ಯಾರು ಏನು ಬರ್ದಿದಾರೋ ಅನ್ನೋ ಭಯ ಅರಮನೇಲೂ ಇತ್ತು.”

“ಇಪ್ಪತ್ಮೂರರಲ್ಲಿ ಎಂತ ಇತ್ತು?”

“ಓದಿಲ್ಲ. ಬುಡದ ಪದಕ್ಕೆ ಅಂತ ಮೊದಲ ಹೆಸರು ನೋಡಿದ್ದು ಅಷ್ಟೇ. ತರ್ಜುಮೆ ಮಾಡೋವಾಗ ಓದೋಣ ಅಂತಿದ್ದೆ. ಗುರುವಾರ ಎಲ್ಲರಿಗೂ ಈಮೇಲ್ ಹಾಕಿದ್ದೆ, ಭಾನುವಾರ ಸಂಜೆಯಿಂದ ತರ್ಜುಮೆ ಶುರು, ಒಂದು ಅಕ್ಷರಾನೂ ಬಿಡದೆ ಪ್ರಿಂಟ್ ಹಾಕ್ತೀವಿ ಅಂತ.”

ಕಳ್ಳ ಬಂದದ್ದು ಅದೇ ಭಾನುವಾರ ಬೆಳಿಗ್ಗೆ.

ಸಂಜೆ 5:30ಕ್ಕೆ ಗುಲಾಬಿ ಉಷಾಳ ಮನೆಯ ಗಂಟೆ ಒತ್ತಿದಳು. ಉಷಾ ನಲವತ್ತೈದರ ಹೆಂಗಸು, ಅಲ್ಫರೆಟಾದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಲೀಡ್. ಪೊಲೀಸ್ ಬ್ಯಾಡ್ಜ್ ನೋಡಿ ಮುಖ ಬಿಳಿಚಿಕೊಂಡಿತು. ಕನ್ನಡ ಕೇಳಿ ಇನ್ನಷ್ಟು ಬಿಳಿಚಿಕೊಂಡಿತು.

“ಭಾನುವಾರ ಬೆಳಿಗ್ಗೆ ಎಲ್ಲಿದ್ರಿ?”

“ಟೆಂಪಲ್‌ನಲ್ಲಿ. ಭಜನೆ ಗ್ರೂಪ್ ಲೀಡ್ ಮಾಡ್ತಿದ್ದೆ. ಹತ್ತರಿಂದ ಹನ್ನೆರಡರ ತನಕ. ನೂರು ಜನ ನೋಡಿದಾರೆ. ಯಾಕೆ?”

“ಅಹವಾಲಿಗೆ ಯಾವಾಗ ಬರೆದದ್ದು?”

“ಸಂಕ್ರಾಂತಿ ಪಾಟ್‌ಲಕ್ ಊಟದಲ್ಲಿ. ಜನವರಿ ಹದಿನಾಲ್ಕು. ಸ್ಕೂಲ್ ಕೆಫೆಟೀರಿಯಾದಲ್ಲಿ ಟೇಬಲ್ ಹಾಕಿದ್ರು. ಹೊಸ ಶೀಟ್, ನಾನೇ ಫಸ್ಟು. ಎರಡು ಲೈನ್ ಬರ್ದೆ.”

“ನಿಮ್ಮ ನಂತರ?”

“ನಂತರ… ರೇಣುಕಾದೇವಿ ಆಂಟಿ. ಶ್ರಾವಣಿಯ ಅಮ್ಮ. ಅವರು ಬರೀತಾನೇ ಇದ್ರು. ಹಿಂದೆ ಕ್ಯೂ ನಿಂತಿತ್ತು, ಶಶಾಂಕ್ ಬಂದು ‘ಅತ್ತೆ, ಸಾಕು’ ಅಂತ ಎಬ್ಬಿಸ್ಕೊಂಡು ಹೋದ್ರು. ಏನ್ ಬರ್ದ್ರೋ ನಾನ್ ನೋಡ್ಲಿಲ್ಲ.” ಉಷಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಮೇಡಂ, ಅವರು ಒಳ್ಳೆ ಫ್ಯಾಮಿಲಿ. ಆರು ವರ್ಷದಿಂದ ಗ್ರೀನ್ ಕಾರ್ಡ್‌ಗೆ ಕಾಯ್ತಿದಾರೆ. ಏನಾದ್ರೂ ಪ್ರಾಬ್ಲಮ್ಮಾ?”

ಗುಲಾಬಿ ತನ್ನ ಫೋನ್ ನಂಬರಿನ ಕಾರ್ಡ್ ಕೊಟ್ಟು ಹೊರಟಳು. ಕಾರಿಗೆ ಬಂದು ಕೂತಮೇಲೆ ಸ್ವಲ್ಪ ಹೊತ್ತು ಕೀಲಿ ತಿರುಗಿಸಲಿಲ್ಲ. ಕಳುವಾದದ್ದು ಒಂದು ಹಾಳೆ, ಬರೆದದ್ದು ಒಬ್ಬ ಅಜ್ಜಿ. ರಸ್ತೆಯ ಕುರಿತು ಅಜ್ಜಿಯೊಬ್ಬಳು ಬರೆದದ್ದಕ್ಕೆ ಅಷ್ಟೊಂದು ಹೆದರುವಂಥದ್ದು ಏನಿರಬಹುದು? ಉತ್ತರದ ಅಂಚು ಅವಳಿಗೆ ಆಗಲೇ ಕಾಣತೊಡಗಿತ್ತು, ಅದು ಸುಳ್ಳಾಗಲಿ ಎಂದು ಮನಸ್ಸು ಹಟ ಮಾಡುತ್ತಿತ್ತು.

ಫೆಬ್ರವರಿ 16, ಗುರುವಾರ. ಬೆಳಿಗ್ಗೆ ಅವಳ ಮೇಲಧಿಕಾರಿ ಲೆಫ್ಟಿನೆಂಟ್ ಎಚ್ಚರಿಸಿದ: ನೀನು ಕನ್ನಡದಲ್ಲಿ ಕೇಳಿ ನೀನೇ ಇಂಗ್ಲಿಷ್ ಮಾಡಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಬೇರೆ ಭಾಷಾಂತರಕಾರ ಬೇಕು. ಹತ್ತಿರದಲ್ಲಿ ಯಾರೂ ಸಿಗದೆ ಕೊನೆಗೆ ದೂರದ ರಾಲಿ ಎಂಬ ಊರಿನಲ್ಲಿ ಕೇಶವಮೂರ್ತಿ ಎಂಬ ಕೋರ್ಟ್ ಭಾಷಾಂತರಕಾರರು ಫೋನಿನಲ್ಲಿ ಒಪ್ಪಿಕೊಂಡರು. ಹನ್ನೊಂದು ಗಂಟೆಗೆ ಗುಲಾಬಿ ಮತ್ತು ಪ್ರೂಯಿಟ್ ಶಶಾಂಕನ ಮನೆಗೆ ಹೋದರು. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿದ್ದರು.

ಬಾಗಿಲು ತೆರೆದ ರೇಣುಕಾದೇವಿಗೆ ಅರವತ್ತೆಂಟು ವರ್ಷ. ಬೆನ್ನು ನೆಟ್ಟಗಿತ್ತು. ಹಜಾರದಲ್ಲಿ ಎರಡು ದೊಡ್ಡ ಸೂಟ್‌ಕೇಸು ಬಾಯಿ ತೆರೆದು ಬಿದ್ದಿದ್ದವು.

“ಊರಿಗೆ ಹೊರಟದ್ದಾ ಅಮ್ಮಾ?”

“ಶನಿವಾರ. ಮಾರ್ಚ್ ಕೊನೇಗೆ ಇತ್ತು ಟಿಕೆಟ್ಟು. ಅಳಿಯಂದಿರು ಸೋಮವಾರ ಡೇಟ್ ಬದಲಾಯಿಸಿದ್ರು. ಚಳಿ ನಿಮಗಾಗಲ್ಲ ಅತ್ತೆ ಅಂತ.” ಅವರು ಪ್ರೂಯಿಟ್‌ನ ಸೊಂಟದ ಬಂದೂಕು ನೋಡಿದರು. “ನನ್ನ ಮಗಳು ಚೆನ್ನಾಗಿದಾಳೆ ತಾನೇ?”

“ಎಲ್ಲರೂ ಚೆನ್ನಾಗಿದ್ದಾರೆ. ನೀವು ಸಂಕ್ರಾಂತಿ ದಿನ ಬರೆದದ್ದರ ಬಗ್ಗೆ ಕೇಳ್ಳಿಕ್ಕೆ ಬಂದದ್ದು. ಆ ಹಾಳೆ ಕಳುವಾಗಿದೆ.”

ರೇಣುಕಾದೇವಿಗೆ ಬೇಜಾರಾಯಿತು. “ಅಯ್ಯೋ, ಎಷ್ಟು ಚೆನ್ನಾಗಿ ಬರ್ದಿದ್ದೆ. ಇಲ್ಲಿಗೆ ಬಂದ ಮೇಲೆ ನನ್ನನ್ನ ಯಾರೂ ಏನೂ ಕೇಳಿರ್ಲಿಲ್ಲ ನೋಡಿ. ಆ ಪ್ರೊಫೆಸರು ಕರೆದು, ಅಮ್ಮ ನಿಮ್ಮ ಮಾತೂ ಬೇಕು ಅಂದ್ರು. ಮನೇಗೆ ಬಂದು ಮಗಳಿಗೂ ಅಳಿಯನಿಗೂ ಎಲ್ಲ ಒಪ್ಪಿಸಿದ್ದೆ.”

ಗುಲಾಬಿ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ಆಚೆಯಿಂದ ಕೇಶವಮೂರ್ತಿ ನಮಸ್ಕಾರ ಹೇಳಿದರು.

“ನೆನಪಿದ್ದರೆ ಹೇಳಿ ಅಮ್ಮಾ, ಎಂತ ಬರೆದಿದ್ರಿ?”

“ನೆನಪಿಲ್ದೆ ಏನು. ನನ್ನ ಹೆಸರು ರೇಣುಕಾದೇವಿ, ಮಗಳ ಮನೆಗೆ ಬಂದು ಮೂರೂವರೆ ತಿಂಗಳಾಯಿತು. ಸಂಜೆಯಾದರೆ ಆ ರಸ್ತೆಯಲ್ಲಿ ಕಣ್ಣಿಗೆ ಕೈ ಕಾಣುವುದಿಲ್ಲ. ಪಾಪ ಶಿವಬಸಪ್ಪನವರು ಹೋದ ದಿನವೇ ನಮ್ಮ ಅಳಿಯಂದಿರ ಕಾರಿಗೂ ಅಲ್ಲೇ ಜಿಂಕೆ ಅಡ್ಡ ಬಂದು ಮುಂದಿನ ದೀಪ ಒಡೆಯಿತು. ದೇವರ ದಯೆ, ಅವರಿಗೆ ಏನೂ ಆಗಲಿಲ್ಲ. ದಯವಿಟ್ಟು ದೀಪ ಹಾಕಿಸಿ. ಇಷ್ಟೇ.”

ಕೇಶವಮೂರ್ತಿ ಅದನ್ನು ಇಂಗ್ಲಿಷಿಗೆ ತಂದರು. ಪ್ರೂಯಿಟ್ ಬರೆಯುವುದನ್ನು ನಿಲ್ಲಿಸಿ ಗುಲಾಬಿಯ ಮುಖ ನೋಡಿದ.

“ಅವತ್ತು ಅವರು ಮನೆಗೆ ಬಂದದ್ದು ಎಷ್ಟು ಹೊತ್ತಿಗೆ?”

“ಆರೂವರೆ ಇರಬೇಕು. ದೇವರಿಗೆ ದೀಪ ಹಚ್ಚಿ ಏಳ್ತಾ ಇದ್ದೆ. ಬೂಟು ಬಿಚ್ಚದೆ ಹಾಗೇ ಬಂದು ಕೂತ್ಬಿಟ್ರು. ನೀರು ಕುಡೀರಿ ಅಂದೆ.”

“ಕಾರು ರಿಪೇರಿ ಎಲ್ಲಿ ಮಾಡಿಸಿದ್ದು?”

“ಗ್ರೀನ್‌ವಿಲ್ ಅಂತೆ, ಸೌತ್ ಕ್ಯಾರೊಲಿನಾ. ಅಲ್ಲಿ ಯಾರೋ ಗೊತ್ತಿದಾರೆ ಅಂತ ಆ ಶನಿವಾರ ತಗೊಂಡು ಹೋದ್ರು. ಇಲ್ಲೇ ಇಷ್ಟೊಂದು ಅಂಗಡಿ ಇದೆಯಲ್ಲ ಅಂತ ನಾನೂ…”

ರೇಣುಕಾದೇವಿ ಸೂಟ್‌ಕೇಸುಗಳನ್ನು ನೋಡಿದರು, ಗುಲಾಬಿಯನ್ನು ನೋಡಿದರು. ಸೆರಗನ್ನು ಎಳೆದು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಜಿಂಕೆ ಅಂದ್ರು,” ಎಂದರು.

ಗುಲಾಬಿಗೆ ಎದ್ದು ಹೋಗಿಬಿಡಬೇಕೆನ್ನಿಸಿತು. ಈ ಹೆಂಗಸಿನ ಬಾಯಿಂದ ಬಂದದ್ದು ಈ ಮನೆಯನ್ನೇ ಕೆಡವುತ್ತದೆ. ಅದನ್ನು ಕೇಳಿ ಹೊರಡಿಸಿದ್ದು ತಾನು, ಅಕ್ಕರೆಯಿಂದ ಅಮ್ಮಾ ಎಂದು ಕರೆದು. ಆದರೂ ಅವಳು ಕೂತೇ ಇದ್ದಳು.

“ಅಮ್ಮಾ, ನೀವು ಈಗ ಹೇಳಿದ್ದನ್ನು ಬರೆದು ಕೊಡಬಹುದು. ಕೊಡಲೇಬೇಕು ಅಂತ ಇಲ್ಲ.”

“ನನ್ನ ಮಗಳಿಗೆ ಗೊತ್ತಾ ಇದು?”

“ನನಗೆ ಗೊತ್ತಿಲ್ಲ.”

“ಆ ಶಿವಬಸಪ್ಪನವರ ಮಗಳು ಸಂಕ್ರಾಂತಿಗೆ ಎಳ್ಳುಬೀರೋಕೆ ಬಂದಿರ್ಲಿಲ್ಲ. ಸೂತಕ ಅಂತ. ನಾನೇ ತಟ್ಟೆ ತಗೊಂಡು ಹೋಗಿ ಬಾಗಿಲಲ್ಲಿ ಕೊಟ್ಟು ಬಂದಿದ್ದೆ.” ರೇಣುಕಾದೇವಿ ಕೈ ಚಾಚಿದರು. “ಕಾಗದ ಕೊಡಿ. ನಾನು ಬರ್ದದ್ದನ್ನ ನಾನೇ ಅಲ್ಲ ಅನ್ನೋಕಾಗತ್ತಾ?”

ಅವರು ಬರೆದರು. ಮೊದಲು ಬರೆದಿದ್ದ ಮಾತುಗಳನ್ನೇ, ಅದೇ ಕ್ರಮದಲ್ಲಿ. ದೇವರ ದಯೆ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಅದನ್ನೂ ಬರೆದು ಸಹಿ ಹಾಕಿದರು. ಸಮಯ 11:55.

ಬಾಗಿಲ ಬಳಿ ಗುಲಾಬಿ ಮೆಲ್ಲಗೆ ಹೇಳಿದಳು, “ಇವತ್ತೊಂದು ದಿನ ಯಾರಿಗೂ ಹೇಳದಿದ್ದರೆ ಒಳ್ಳೇದಿತ್ತು.”

“ನೀವು ಹೇಳ್ಬಿಟ್ಟು ಹೋಗ್ತೀರಮ್ಮ. ಸಾಯಂಕಾಲ ಅವರಿಗೆ ಊಟಕ್ಕೆ ಬಡಿಸ್ಬೇಕಾದೋಳು ನಾನು.”

ಆ ಮಾತು ದಿನವಿಡೀ ಗುಲಾಬಿಯ ಬೆನ್ನು ಬಿಡಲಿಲ್ಲ. ಅಜ್ಜಿ ಅಳಿಯನ ಮುಖ ನೋಡಿ ಅತ್ತುಬಿಟ್ಟರೆ? ಅವನು ಇವತ್ತೇ ಅವರನ್ನು ವಿಮಾನ ಹತ್ತಿಸಿದರೆ? ತಾನೇ ಹತ್ತಿ ಹೋದರೆ? ಇನ್ನೂ ಕೆಟ್ಟದ್ದೇನಾದರೂ ಮಾಡಿಕೊಂಡರೆ? ಸಬ್‌ಡಿವಿಷನ್ನಿನ ಬಾಗಿಲಲ್ಲಿ ಒಂದು ಗಸ್ತಿನ ಕಾರು ನಿಲ್ಲಿಸಲು ಹೇಳಿ, ಅವಳು ಟ್ರಾಫಿಕ್ ವಿಭಾಗದಿಂದ ಶಿವಬಸಪ್ಪನವರ ಕೇಸಿನ ಫೈಲು ತರಿಸಿಕೊಂಡಳು. ಸ್ಥಳದಲ್ಲಿ ಸಿಕ್ಕಿದ್ದು ಒಂದೇ ವಸ್ತು: ಕಾರಿನ ಮಂಜುದೀಪದ, ಅಂದರೆ ಫಾಗ್ ಲೈಟಿನ, ಕವಚದ ಚೂರು, ಹೆಬ್ಬೆರಳಿನಷ್ಟು ದೊಡ್ಡದು. ಬೂದು ಬಣ್ಣದ ಮಿನಿವ್ಯಾನಿನದಿರಬಹುದು ಎಂದು ಲ್ಯಾಬ್ ಬರೆದಿತ್ತು. ಅಂಥವು ಆ ಸುತ್ತಿನಲ್ಲಿ ಸಾವಿರಾರು ಇದ್ದವು. ಶಶಾಂಕನದೂ ಅದೇ.

ಗ್ರೀನ್‌ವಿಲ್ಲಿನ ರಿಪೇರಿ ಅಂಗಡಿಗಳಿಗೆ ಒಂದೊಂದಾಗಿ ಫೋನ್ ಮಾಡಿದಳು. ಒಂಬತ್ತನೆಯ ಅಂಗಡಿಯವನು ಹೆಸರನ್ನು ಪುಸ್ತಕದಲ್ಲಿ ಹುಡುಕಿ, ಹೌದು, ನವೆಂಬರ್ 12, ಶನಿವಾರ ಎಂದ.

ಫೆಬ್ರವರಿ 17, ಶುಕ್ರವಾರ. ಬೆಳಿಗ್ಗೆ ಆರೂವರೆಗೆ ಹೊರಟು ಗುಲಾಬಿ ಮತ್ತು ಪ್ರೂಯಿಟ್ ಒಂಬತ್ತಕ್ಕೆ ಗ್ರೀನ್‌ವಿಲ್ ತಲುಪಿದರು. ಅಂಗಡಿಯ ಯಜಮಾನ ಎಣ್ಣೆ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕಂಪ್ಯೂಟರ್ ತೆರೆದ. ರಿಪೇರಿಗೆ ಮೊದಲು ಪ್ರತಿ ಗಾಡಿಯ ಫೋಟೋ ತೆಗೆದಿಡುವುದು ಅವನ ರೂಢಿ. ಎಡಗಡೆಯ ಬಂಪರ್ ಒಳಗೆ ಹೋಗಿತ್ತು. ಮಂಜುದೀಪದ ಕವಚದ ಕೆಳಮೂಲೆ ಮುರಿದಿತ್ತು.

“ಜಿಂಕೆ ಅಂತ ಹೇಳಿದ,” ಎಂದ ಯಜಮಾನ. “ಜಿಂಕೆ ಹೊಡೆದ ಗಾಡಿ ತಿಂಗಳಿಗೆ ಹತ್ತು ನೋಡುತ್ತೇನೆ. ಎಷ್ಟು ತೊಳೆದರೂ ಜಾಲರಿಯಲ್ಲಿ ಕೂದಲು ಉಳಿದಿರುತ್ತದೆ. ಇದರಲ್ಲಿ ಒಂದೂ ಇರಲಿಲ್ಲ. ಅವನಿಗೆ ಹೇಳಿಯೂ ಹೇಳಿದೆ. ಅವನು ಹೊರಗೆ ಹೋಗಿ ಬೆಂಚಿನ ಮೇಲೆ ಕೂತ. ಕೆಲಸ ಮುಗಿಯುವವರೆಗೆ ಐದು ಗಂಟೆ ಅಲ್ಲಿಂದ ಏಳಲಿಲ್ಲ.”

ಫೋಟೋದ ಮುರಿದ ಮೂಲೆಯೂ ಫೈಲಿನ ಚೂರಿನ ಅಂಚೂ ಕೂಡಿಬಂದವು. ಮಧ್ಯಾಹ್ನ 2:15ಕ್ಕೆ ಮ್ಯಾಜಿಸ್ಟ್ರೇಟ್ ವಾರಂಟಿಗೆ ಸಹಿ ಹಾಕಿದರು. 4:40ಕ್ಕೆ, ಅಲ್ಫರೆಟಾದ ಆಫೀಸ್ ಕ್ಯಾಂಪಸ್ಸಿನ ಪಾರ್ಕಿಂಗಿನಲ್ಲಿ, ಊಟದ ಚೀಲ ಹಿಡಿದು ಬೂದು ಮಿನಿವ್ಯಾನಿನ ಕಡೆಗೆ ಬರುತ್ತಿದ್ದ ಶಶಾಂಕನನ್ನು ಅವರು ತಡೆದರು. ಮೂವತ್ತಾರು ವರ್ಷದ ತೆಳ್ಳನೆಯ ಮನುಷ್ಯ. ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ ತೂಗುತ್ತಿತ್ತು.

ಅವನು ಓಡಲಿಲ್ಲ. ಊಟದ ಚೀಲವನ್ನು ಕಾರಿನ ಮೇಲಿಟ್ಟು ಕೈ ಮುಂದೆ ಮಾಡಿದ. ಪ್ರೂಯಿಟ್ ಹಕ್ಕುಗಳನ್ನು ಇಂಗ್ಲಿಷಿನಲ್ಲಿ ಓದಿದ. ಸುಮ್ಮನಿರುವ ಹಕ್ಕು ನಿಮಗೆ ಉಂಟು, ಲಾಯರ್ ಬರುವ ತನಕ ಮಾತಾಡಬೇಡಿ ಎಂದು ಗುಲಾಬಿ ಕನ್ನಡದಲ್ಲೂ ಹೇಳಿದಳು. ಅವನು ತಲೆಯಾಡಿಸಿದ. ಆದರೆ ಕಾರು ಜಿಎ-400 ಹೆದ್ದಾರಿ ಹತ್ತಿ, ಸಂಜೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿ ನಿಂತಾಗ, ಹಿಂದಿನ ಸೀಟಿನಿಂದ ತಾನಾಗಿ ಶುರು ಮಾಡಿದ.

“ಶೀಟ್ ಶ್ರೆಡ್ ಮಾಡ್ಬಿಟ್ಟೆ ಮೇಡಂ. ಆಫೀಸಲ್ಲಿ. ಶ್ರಾವಣಿಗೆ ಏನೂ ಗೊತ್ತಿಲ್ಲ. ಅತ್ತೆ ಹೇಳಿದ್ರಾ?”

ಗುಲಾಬಿ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿದಳು.

“ನಿನ್ನೆ ಊಟಕ್ಕೆ ಬಡಿಸ್ಬೇಕಾದ್ರೆ ನನ್ನ ಮುಖ ನೋಡ್ಲಿಲ್ಲ ಅವರು. ಆಗಲೇ ಗೊತ್ತಾಯ್ತು. ರಾತ್ರಿಯೆಲ್ಲ ಕಾಯ್ತಾ ಇದ್ದೆ, ಬೆಲ್ ಆಗತ್ತೆ ಅಂತ.” ಕಿಟಕಿಯ ಕಡೆ ತಿರುಗಿ ಅಂದ, “ಆ ಅಹವಾಲಿಗೆ ಜಾಸ್ತಿ ಸೈನ್ ಮಾಡ್ಸಿದ್ದು ಯಾರು ಗೊತ್ತಾ? ನಾನೇ. ಅರವತ್ತೊಂದು ಮನೆ. ಚಳೀಲಿ ಒಂದೊಂದೂ ಬಾಗಿಲು ತಟ್ಟಿದೀನಿ. ಲೈಟ್ ಇಲ್ದೆ ಆಯ್ತು, ಸೈಡ್‌ವಾಕ್ ಇಲ್ದೆ ಆಯ್ತು ಅಂತ ಊರೇ ಬರ್ದು ಕೊಟ್ರೆ, ಅದು ನಾನ್ ಮಾಡಿದ್ದಲ್ಲ, ರಸ್ತೆ ಮಾಡಿದ್ದು ಅಂತ ಆಗ್ಬಿಡತ್ತೆ ಅನ್ನಿಸ್ತಿತ್ತು. ಪೂರ್ತಿ ಬರ್ದು ಮುಗಿಸಿದ್ರೆ ನಿದ್ದೆ ಬರತ್ತೆ ಅಂತ.”

ಮುಂದಿನ ಕಾರುಗಳು ಅರ್ಧ ಅಡಿ ಸರಿದು ನಿಂತವು.

“ಮೇಡಂ, ಒಂದು ಕೇಳ್ಲಾ? ಅವರು ತಕ್ಷಣ ಹೋದ್ರಾ?”

ಮರಣೋತ್ತರ ಪರೀಕ್ಷೆಯ ವರದಿಯ ನಾಲ್ಕನೇ ಪುಟ ಗುಲಾಬಿಗೆ ಬಾಯಿಪಾಠವಾಗಿತ್ತು. ಹೇಳಬೇಕಾದ ಹಂಗು ಅವಳಿಗಿರಲಿಲ್ಲ. ಹೇಳಬಾರದು ಎಂಬುದೇ ನಿಯಮವಿರಬಹುದು. ಕನ್ನಡಿಯಲ್ಲಿ ಅವನ ಕಣ್ಣುಗಳು ಅವಳನ್ನೇ ಹಿಡಿದು ಕೂತಿದ್ದವು.

“ಇಲ್ಲ,” ಎಂದಳು. “ಅರ್ಧ ಗಂಟೆ ಇದ್ದರು.”

ಠಾಣೆಯಲ್ಲಿ ಕಾರಿನಿಂದ ಇಳಿಸುವಾಗ, ಪ್ರೂಯಿಟ್ ಅವನ ತಲೆಗೆ ಕೈ ಅಡ್ಡ ಹಿಡಿದಿದ್ದಾಗ, ನೆಲ ನೋಡುತ್ತ ಹೇಳಿದ: “ಅವತ್ತೇ ಗ್ಯಾಸ್ ಸ್ಟೇಷನ್ ಪೇಫೋನಿಂದ ನೈನ್ ಒನ್ ಒನ್ ಮಾಡಿದ್ದೆ. ಫೋನ್ ತೆಗೆದೋಳು ಅಡ್ರೆಸ್ ಎಲ್ಲಿ ಅಂತ ಕೇಳಿದ್ಳು. ಬಾಯಿಗೆ ಬಂದಿತ್ತು. ಮಿಲ್‌ಸ್ಟೋನ್ ರೋಡ್ ಅಂದಿದ್ರೆ ಸಾಕಾಗಿತ್ತು. ಅದಾದ್ಮೇಲೆ ಹೆಸರು ಕೇಳ್ತಾಳಲ್ಲ ಅಂತ ಇಟ್ಬಿಟ್ಟೆ.”

ಸಂಜೆ 6:05ಕ್ಕೆ ಅವನನ್ನು ಲಾಕಪ್ಪಿಗೆ ಕಳಿಸಿ, ಗುಲಾಬಿ ಕಂಟ್ರೋಲ್ ರೂಮಿನಿಂದ ನವೆಂಬರ್ 8ರ ಕರೆಗಳ ಪಟ್ಟಿ ತರಿಸಿದಳು. ಇತ್ತು. 18:19, ಗ್ಯಾಸ್ ಸ್ಟೇಷನ್ನಿನ ಪೇಫೋನ್, ಒಂಬತ್ತು ಸೆಕೆಂಡ್, ಕರೆ ಮಾಡಿದವರು ಮಾತಾಡಲಿಲ್ಲ. 18:27ಕ್ಕೆ ಒಂದು ಗಸ್ತಿನ ಕಾರು ಆ ಗ್ಯಾಸ್ ಸ್ಟೇಷನ್ನಿಗೆ ಹೋಗಿ, ಯಾರೂ ಕಾಣದೆ, ವಾಪಸು ಬಂದಿತ್ತು. ಅಲ್ಲಿಂದ ಶಿವಬಸಪ್ಪನವರು ಬಿದ್ದಿದ್ದ ಜಾಗಕ್ಕೆ ಮುಕ್ಕಾಲು ಮೈಲಿ.

ಅವಳು ಆ ಪುಟದ ಪ್ರತಿ ತೆಗೆದು ಫೈಲಿಗೆ ಸೇರಿಸಿದಳು. ಆರೋಪಿಯ ಉದ್ದೇಶ ಎಂಬ ಕಡೆ, ಭಯ ಎಂದು ಬರೆದಳು. ಯಾವುದರ ಭಯ ಎಂದು ಲೆಫ್ಟಿನೆಂಟ್ ಕೇಳಿಯೇ ಕೇಳುತ್ತಾನೆ. ವೀಸಾ ಎಂದು ಬರೆಯಲು ಹೋದಳು, ಹೆಂಡತಿ ಎಂದು ಬರೆಯಲು ಹೋದಳು. ಕೊನೆಗೆ ಅವನು ಹೇಳಿದ್ದನ್ನು ಹೇಳಿದಂತೆಯೇ ಇಳಿಸಿದಳು: ಹೆಸರು ಕೇಳುತ್ತಾರೆ ಎಂಬ ಭಯ. ಹೊರಗೆ ಮುಂಭಾಗದ ಬೆಂಚಿನಲ್ಲಿ ಶ್ರಾವಣಿ ಬಂದು ಕೂತಿದ್ದಾಳೆ, ಜೊತೆಗೆ ಅವಳ ತಾಯಿಯೂ ಇದ್ದಾರೆ ಎಂದು ಪ್ರೂಯಿಟ್ ಬಂದು ಹೇಳಿದ. ಗುಲಾಬಿ ಪೆನ್ನು ಮುಚ್ಚಿ, ಎದ್ದು, ಅವರ ಕಡೆಗೆ ನಡೆದಳು.